ಮೇಸ್ತ್ರಿಯ ಹಣೆ

11-8-2003, ಶಿವಮೊಗ್ಗ

ಇವತ್ತೂ ಮೊದಲಿಗೆ ರೋಬೋದ ಚಿಪ್ಪಿಗೆ ಪ್ರೋಗ್ರಾಂ ಹತ್ತಲಿಲ್ಲ. ಕೇಬಲ್ಲಿನ ಒಂದು ತಂತಿ ಒಳಗೇ ತುಂಡಾಗಿತ್ತು. ಬೆಸುಗೆ ಹಾಕಿದ ಮೇಲೆ ಹತ್ತಿತು.

ಊಟದ ಹೊತ್ತಿನಲ್ಲಿ ಮಾಲೀಕರು ಮೊಹ್ಸಿನ್ ಭಾಯ್ ಅಂಗಡಿಯ ಕಂಪ್ಯೂಟರ್ ಬಿಟ್ಟುಕೊಡುತ್ತಾರೆ. ಉಳಿದ ಹೊತ್ತೆಲ್ಲ ಯುಪಿಎಸ್ ರಿಪೇರಿ. ಇವತ್ತು ಕೆಣಕಿದರು: "ಡಿಪ್ಲೊಮಾ ಮಾಡ್ಕೊಂಡು ಗೊಂಬೆ ಆಟ ಆಡ್ತೀಯಲ್ಲ ಸಮತಾ. ಇದು ಡ್ಯಾನ್ಸ್ ಮಾಡುತ್ತಾ?"

"ಇಲ್ಲ ಭಾಯ್. ಗುಂಡಿಗೆ ಇಳಿಯುತ್ತೆ."

ನಗು ನಿಂತಿತು. ಅಣ್ಣ ಭದ್ರಾವತಿಯಲ್ಲಿ ಏನು ಕೆಲಸ ಮಾಡುತ್ತಾನೆಂದು ಅವರಿಗೆ ಗೊತ್ತು. ಶಿವರಾಮ – ಸೆಪ್ಟಿಕ್ ಗುಂಡಿ, ಮ್ಯಾನ್‌ಹೋಲ್. ಅಪ್ಪನದೂ ಅದೇ ಕೆಲಸವಾಗಿತ್ತು. ನನಗೆ ಸಮತಾ ಎಂದು ಹೆಸರಿಟ್ಟು, ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಯಲ್ಲಿ ಘೋಷಣೆ ಕೂಗಿದವನು. ಮರುದಿನ ಬೆಳಿಗ್ಗೆ ಮತ್ತೆ ಗುಂಡಿಗೆ ಇಳಿದವನು. ಕೆಮ್ಮಿ ಕೆಮ್ಮಿ ಸತ್ತ.

ಅಣ್ಣ ಹಾಗೆ ಸಾಯಬಾರದು. ಇಷ್ಟೇ ಲೆಕ್ಕ.

24-8, ಭದ್ರಾವತಿ

ರೋಬೋ ಮನೆಗೆ ತಂದೆ. ಸ್ಟೀಲಿನ ಊಟದ ಡಬ್ಬಿಯೇ ಮೈ. ಆಟದ ಜೀಪಿನ ಚಕ್ರ, ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು. ಮುಂದೆ, ನೆತ್ತಿಗಿಂತ ತುಸು ಕೆಳಗೆ, ಬೆಳ್ಳಿ ಬಣ್ಣದ ದುಂಡನೆ ಜಾಲರಿ – ಗ್ಯಾಸ್ ಸೆನ್ಸರ್. ಹಗ್ಗ ಕಟ್ಟಿ ಇಳಿಸಬೇಕು. ಅದು ತಳದಲ್ಲಿ ಓಡಾಡಿ ಮೂಸುತ್ತದೆ. ವಿಷಗಾಳಿ ಇದ್ದರೆ ಮೇಲಿರುವ ಬಜರ್ ಕೂಗುತ್ತದೆ. ಕೂಗದಿದ್ದರೆ ಇಳಿಯಬಹುದು.

ಅಣ್ಣ ಅದರ ಸುತ್ತ ಕುಕ್ಕರುಗಾಲಲ್ಲೇ ಒಂದು ಸುತ್ತು ಬಂದ.

"ಇಷ್ಟು ವರ್ಷದಲ್ಲಿ ನನಗಿಂತ ಮುಂಚೆ ಗುಂಡಿಗೆ ಇಳಿಯೋ ಮೇಸ್ತ್ರಿ ಇವನೊಬ್ಬನೇ ನೋಡು ಮಾರಾಯ್ತಿ."

ಮೇಸ್ತ್ರಿ ಎಂಬ ಹೆಸರೇ ನಿಂತಿತು. ಅವ್ವ ಕೇಳಿದಳು, "ಊಟಕ್ಕೇನು ಹಾಕ್ಬೇಕು ಇವನಿಗೆ?"

"ಬ್ಯಾಟರಿ."

"ಪಾಪ, ಸಾರು ಬ್ಯಾಡ್ವಾ?"

14-9

ಹಳೇನಗರದ ಒಂದು ಗುಂಡಿ. ನಾನೂ ಹೋಗಿದ್ದೆ. ಇಳಿಸಿದ ಕೂಡಲೇ ಮೇಸ್ತ್ರಿ ಕೂಗಿದ. ನನಗಾದದ್ದು ಖುಷಿಯೋ ಭಯವೋ ತಿಳಿಯಲಿಲ್ಲ.

ಕಂಟ್ರಾಕ್ಟರ್ ಷಡಕ್ಷರಪ್ಪ ಸ್ಕೂಟರಿನಿಂದ ಕಾಲು ಕೆಳಗಿಡದೆ ಅಂದ, "ಅದು ಬೊಗಳ್ಕೊಳ್ಳಲಿ, ನೀನು ಇಳಿಯೋ."

ಅಣ್ಣ ಬೀಡಿ ಹಚ್ಚಿ ದೂರ ಹೋಗಿ ಕೂತ. "ಮೇಸ್ತ್ರಿ ಬ್ಯಾಡ ಅಂತಿದಾನೆ ಸ್ವಾಮಿ. ಅರ್ಜೆಂಟಿದ್ರೆ ತಾವೇ ಇಳೀಬಹುದು."

ಇಂಥ ಮಾತು ಅಣ್ಣನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಅಪ್ಪನ ದನಿ ಇತ್ತು ಅದರಲ್ಲಿ. ಮುಚ್ಚಳಗಳನ್ನೆಲ್ಲ ತೆರೆದಿಟ್ಟು ಮಧ್ಯಾಹ್ನದವರೆಗೂ ಕಾದೆವು. ಮೇಸ್ತ್ರಿ ಸುಮ್ಮನಾದ. ಅಣ್ಣ ಇಳಿದ, ಬಂದ.

ಇಷ್ಟು ದಿನ ಲಾಟೀನು ಹಚ್ಚಿ ಇಳಿಸಿ, ಅದು ಆರಿತೇ ಎಂದು ನೋಡಿ ಇಳಿಯುತ್ತಿದ್ದ. ಸಂಜೆ ಅದನ್ನು ಒರೆಸಿ ಅಟ್ಟಕ್ಕೆ ಹಾಕಿದ. "ಇನ್ನು ಇದಕ್ಕೆ ರಜೆ."

5-10, ಶಿವಮೊಗ್ಗ

ನಿನ್ನೆ ಆಯುಧಪೂಜೆ. ಅಂಗಡಿಯಲ್ಲಿ ಬೂದುಗುಂಬಳ ಒಡೆದೆವು. ಮೊಹ್ಸಿನ್ ಭಾಯ್ ಮಂಡಕ್ಕಿ ಹಂಚಿದರು. ಊರಿಗೆ ಹೋಗಲಾಗಲಿಲ್ಲ.

ಇವತ್ತು ಪಕ್ಕದ ಮನೆಯ ಫೋನಿಂದ ಅವ್ವ. "ನಿನ್ನ ಮೇಸ್ತ್ರಿಗೂ ಪೂಜೆ ಮಾಡ್ದೆ ಕಣೇ. ಹಾರೆ, ಬಕೆಟ್ಟು, ಹಗ್ಗ ಎಲ್ಲದರ ಜತೆ. ಅರಿಶಿನ ಕಲಸಿ ಅವನ ಹಣೆಗೆ ದಪ್ಪಗೆ ಬಳಿದು, ಮೇಲೆ ಕುಂಕುಮ ಇಟ್ಟೆ. ನನ್ನ ಮಗನ್ನ ಕಾಯೋನಲ್ವಾ. ಇವತ್ತು ಒದ್ದೆ ಬಟ್ಟೇಲಿ ತಿಕ್ಕಿ ಒರೆಸಿದೀನಿ, ಲಕಲಕ ಅಂತಾನೆ."

ನಕ್ಕೆ. ಅಪ್ಪ ಸತ್ತಾಗ ಕೇರಿಯ ಹೆಂಗಸರು ಕುಂಕುಮದ ಭರಣಿ ಕಿತ್ತುಕೊಂಡಿದ್ದರು. ಮುಟ್ಟಬಾರದಂತೆ. ಅವ್ವ ಹೋಗಿ ವಾಪಸ್ ಇಸಕೊಂಡು ಬಂದಳು. ಅಪ್ಪ ಮೆರವಣಿಗೆಯಲ್ಲಿ ಮಾಡಿದ್ದಕ್ಕಿಂತ ದೊಡ್ಡ ಗಲಾಟೆ ಅದು.

9-10

ಅಣ್ಣ ಇಲ್ಲ.

21-10, ಭದ್ರಾವತಿ

ಜೊತೆಗೆ ಹೋಗಿದ್ದ ಮುರಳಿ ಇವತ್ತು ಬಾಯಿ ಬಿಟ್ಟ.

ಕಲ್ಯಾಣ ಮಂಟಪದ ಗುಂಡಿ. ಮರುದಿನ ಅಲ್ಲಿ ಮದುವೆ. ಮೇಸ್ತ್ರಿಯನ್ನು ಇಳಿಸಿದರು. ಕೂಗಲಿಲ್ಲ. "ಎಲ್ಲಾ ಮುಚ್ಚಳ ತೆಗೆದು ಸ್ವಲ್ಪ ಕಾಯೋಣ" ಅಂದನಂತೆ ಅಣ್ಣ. "ನಿನ್ನ ಮಿಷನ್ನೇ ಸುಮ್ನಿದೆ, ನಿನ್ನದೇನೋ?" ಅಂದ ಷಡಕ್ಷರಪ್ಪ. ಅಣ್ಣ ಇಳಿದ. ಒಂದು ಮಾತೂ ಆಡದೆ ಕುಸಿದ. ಹಗ್ಗದಲ್ಲಿ ಎಳೆದು ಹಾಕುವ ಹೊತ್ತಿಗೆ ಮುಗಿದಿತ್ತು.

ಪಕ್ಕದಲ್ಲೇ ಮೇಸ್ತ್ರಿ ಇದ್ದನಂತೆ. ಗೋಡೆಗೆ ಮೂತಿ ಒತ್ತಿಕೊಂಡು. ಚಕ್ರ ಇನ್ನೂ ತಿರುಗುತ್ತಿತ್ತಂತೆ.

ಮದುವೆ ನಿಲ್ಲಲಿಲ್ಲ. ಬೇರೆ ಗುಂಡಿ ತೋಡಿದರು.

26-10

ಮೇಸ್ತ್ರಿಯನ್ನು ಬಿಚ್ಚಿದೆ. ಬ್ಯಾಟರಿ ಇದೆ. ಬಜರ್ ಸರಿ. ಚಿಪ್ಪು ಸರಿ. ಸೆನ್ಸರಿಗೆ ಲೈಟರಿನ ಗ್ಯಾಸ್ ಬಿಟ್ಟೆ. ಮೌನ. ಮತ್ತೆ ಬಿಟ್ಟೆ. ಮೌನ.

ಜಾಲರಿಯನ್ನು ಬೆಳಕಿಗೆ ಹಿಡಿದೆ. ಹೊರಗೆ ಫಳಫಳ. ಬೆಳಕು ದಾಟುತ್ತಿಲ್ಲ. ಜಾಲರಿಯ ಕಣ್ಣುಕಣ್ಣಿನಲ್ಲೂ ಹಳದಿ, ಕೆಂಪು. ಕಲ್ಲಿನಂತೆ ಒಣಗಿದೆ.

ಹಣೆ.

ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ಅಳು ಬಂತು, ಬಾಯಿಗೆ ಸೆರಗು ತುರುಕಿಕೊಂಡೆ. ಕೂಗದಿದ್ದರೆ ಸರಿ ಎಂದು ಪ್ರೋಗ್ರಾಂ ಬರೆದವಳು ನಾನು. ಹುಷಾರಾಗಿದ್ದೇನೆ ಎಂದು ಅದು ಹೇಳುತ್ತಲೇ ಇರಬೇಕಿತ್ತು. ಸತ್ತ ಯಂತ್ರವೂ ಸುಮ್ಮನೇ ಇರುತ್ತದೆ.

30-10

ವಿಚಾರಣೆಯ ಅಧಿಕಾರಿ ಬಂದಿದ್ದರು. ಕುರ್ಚಿ ಕೊಟ್ಟೆವು, ಕೂರಲಿಲ್ಲ. ನೀರು ಕೊಟ್ಟೆವು, ಮುಟ್ಟಲಿಲ್ಲ.

"ಯಂತ್ರ ಯಾಕೆ ಕೂಗಲಿಲ್ಲ?"

"ಮನುಷ್ಯನನ್ನ ಯಾಕೆ ಇಳಿಸಿದ್ರು? ಅದನ್ನ ಕೇಳಿ ಸಾರ್."

"ನೋಡಮ್ಮ, ಕೇಳಿದ್ದಕ್ಕೆ ಉತ್ತರ ಹೇಳು. ಮನೆಯವರೇ ಮಾಡಿದ ಯಂತ್ರ ನಂಬಿ ಇಳಿದ ಅಂತ ಕಂಟ್ರಾಕ್ಟರ್ ಹೇಳಿಕೆ ಇದೆ. ಸೋಮವಾರ ಅದನ್ನ ತಂದುಕೊಡು. ಪರೀಕ್ಷೆಗೆ ಹೋಗಬೇಕು."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವರು ಹೋದ ಮೇಲೆ ಕೇಳಿದಳು, "ಹೌದು ಮಗಾ, ಯಾಕೆ ಕೂಗ್ಲಿಲ್ಲ ಅವನು?"

ಗೊತ್ತಿಲ್ಲವ್ವ ಅಂದೆ.

2-11, ಭಾನುವಾರ, ಬೆಳಿಗ್ಗೆ

ನಾಳೆ ಕೊಡಬೇಕು.

ಹೀಗೇ ಕೊಟ್ಟರೆ ಅರಿಶಿನ ಕುಂಕುಮ ಸಿಗುತ್ತದೆ. ಮನೆಯವರ ಅಜಾಗರೂಕತೆ ಎಂದು ಬರೆಯುತ್ತಾರೆ. ಕೇರಿಯವರು ಅದಕ್ಕಿಂತ ಚೆನ್ನಾಗಿ ಬರೆಯುತ್ತಾರೆ – ಗಂಡ ಸತ್ತವಳು ಕುಂಕುಮ ಮುಟ್ಟಿದಳು, ಮಗನನ್ನು ತಿಂದಳು. ಅವ್ವ ಅವರಿಗೆ ಹೆದರುವವಳಲ್ಲ. ಆದರೆ ಇದನ್ನು ತಾನೇ ನಂಬಿಬಿಡುತ್ತಾಳೆ. ಅದಾದ ಮೇಲೆ ಬದುಕುವುದಿಲ್ಲ.

ತೊಳೆದು ಕೊಟ್ಟರೆ ಯಂತ್ರ ಕೂಗುತ್ತದೆ. ಯಂತ್ರ ಸರಿಯಿತ್ತು, ಅವನೇ ಕುಡಿದು ಇಳಿದ ಎನ್ನುತ್ತಾರೆ. ಅಣ್ಣ ಬೀಡಿ ಬಿಟ್ಟು ಬೇರೇನೂ ಮುಟ್ಟಿದವನಲ್ಲ.

ತೊಳೆದು, ಪ್ರೋಗ್ರಾಂನಲ್ಲಿ ಒಂದು ಸಾಲು ತಿರುಗಿಸಿಟ್ಟರೆ ಯಂತ್ರ ಕೂಗುವುದಿಲ್ಲ, ತಪ್ಪು ನನ್ನದಾಗುತ್ತದೆ. ಆಗಲಿ. ಸಂಜೆ ಶಿವಮೊಗ್ಗಕ್ಕೆ ಹೋಗಿ ಚಿಪ್ಪು ಬದಲಾಯಿಸುತ್ತೇನೆ. ಮೊಹ್ಸಿನ್ ಭಾಯ್ ಏನೂ ಕೇಳುವುದಿಲ್ಲ.

ಮೂರರಲ್ಲಿ ಯಾವುದನ್ನು ಮಾಡಿದರೂ ಷಡಕ್ಷರಪ್ಪನ ಹೆಸರು ಎಲ್ಲೂ ಬರುವುದಿಲ್ಲ. ನಮ್ಮ ಸಾವಿಗೆ ಕಾರಣ ನಮ್ಮ ಮನೆಯೊಳಗೇ ಸಿಗಬೇಕು ಅವರಿಗೆ. ಅವ್ವ, ಅಣ್ಣ, ನಾನು – ಆರಿಸಿ ಕೊಡು ಎನ್ನುತ್ತಿದ್ದಾರೆ. ಥೂ.

ಹಳೇ ಬ್ರಷ್ಷಿನಿಂದ ಜಾಲರಿ ಉಜ್ಜಿದೆ. ಬಸಿಯ ನೀರು ಕೆಂಪಾಯಿತು. ಅವ್ವ ಹಿತ್ತಲಲ್ಲಿದ್ದಾಳೆ ಎಂದುಕೊಂಡಿದ್ದೆ. ಹಿಂದೆಯೇ ನಿಂತಿದ್ದಳು.

"ನೀರ್ಯಾಕೆ ಕೆಂಪು?"

"ತುಕ್ಕವ್ವ."

ಕಬ್ಬಿಣದ ಊರು. ತುಕ್ಕೆಂದರೆ ಯಾರಾದರೂ ನಂಬುತ್ತಾರೆ. ನಾನು ಪುಸ್ತಕ ತೆರೆದು ಬರೆಯುವವಳಂತೆ ಕೂತೆ. ಅವ್ವ ಎದುರಿಗೆ ಕೂತಳು. ಬಸಿ ತನ್ನ ಕಡೆ ಎಳೆದುಕೊಂಡಳು. ಬೆರಳು ಅದ್ದಿದಳು. ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ತಂದು ಮೂಸಿದಳು. "ಅರಿಶಿನ" ಅಂದು ಆ ಬೆರಳನ್ನು ಮೇಸ್ತ್ರಿಯ ಹಣೆಯ ಮೇಲಿಟ್ಟಳು.