ಮೂರನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ

ತಮ್ಮಾ,

ಆಫೀಸಿಗೆ ಹೊರಟೆ. ಡೇಟಾಬೇಸಿನ ಮೂರೂ ಸರ್ವರ್‌ಗಳನ್ನು ಇವತ್ತಿಡೀ ನಿಲ್ಲಿಸಿ ಹೊಸ ವರ್ಷನ್ ಹಾಕು ಎಂದು ರಾತ್ರಿ ಊಟಕ್ಕೆ ಕೂತು ಅಪ್ಪಣೆ ಕೊಟ್ಟೆಯಲ್ಲ, ಅದು ನನ್ನಿಂದಾಗದು. ಯಾವ ರಕ್ತ ಎಲ್ಲಿದೆ ಎಂದು ಆಸ್ಪತ್ರೆಗಳು ಹುಡುಕುವುದು ಅದರಲ್ಲೇ. ನಾನು ಒಂದೊಂದನ್ನೇ ಬದಲಿಸುತ್ತೇನೆ, ಉಳಿದೆರಡು ದುಡಿಯುತ್ತಿರಲಿ. ಮುಖ್ಯ ಸರ್ವರಿನ ಸರದಿ ಕೊನೆಗೆ. ಅದರ ಹೊಣೆ ಇನ್ನೊಂದಕ್ಕೆ ದಾಟುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತೀತು, ಅಷ್ಟೇ.

ಅಮ್ಮನಿಗೆ ಮಾತ್ರೆ ಕೊಡು. ಗೀಸರ್ ಆರಿಸು, ದಿನಾ ಮರೆಯುತ್ತೀಯ.

“ಆಫೀಸಲ್ಲಿ ನಾನು ನಿನ್ನ ಸಾಹೇಬ ಕಣಕ್ಕಾ” ಎಂದೆ. ಆಗಿರು, ಯಾರು ಬೇಡ ಅಂದರು? ಕೆಲಸದಿಂದ ತೆಗೆಯುವುದಿದ್ದರೆ ನಾಳೆ ತೆಗೆ.

ಇವತ್ತು ತಡೆಯಲು ಬರುವುದಾದರೆ ಬಾ. ಬರಿಗೈಯಲ್ಲಿ ಮಾತ್ರ ಬರಬೇಡ, ಒಲೆಯ ಮೇಲಿರುವುದನ್ನು ಇಬ್ಬರಿಗೂ ಡಬ್ಬಿಗೆ ಹಾಕಿಕೊಂಡು ಬಾ.

ಅಕ್ಕ