ನೆಟ್‌ವರ್ಕ್ ಸರಿ ಇರಲಿಲ್ಲ

ಅಕ್ಕಾ,

ಆ ದಿನ ರಕ್ತದ ವರದಿಗಳನ್ನು ನೀನು ಲ್ಯಾಬಿನಿಂದ ಹೊತ್ತಿಗೆ ಸರಿಯಾಗಿಯೇ ಕಳಿಸಿದ್ದೆ. ಡಾಕ್ಟರುಗಳು ವರದಿ ನೋಡುವ ದೂರದ ಸರ್ವರ್‌ಗೆ ಅವು ಹೋಗಬೇಕಾದ ದಾರಿಯನ್ನು ಆಸ್ಪತ್ರೆಯ ರೌಟರ್‌ನಲ್ಲಿ ಬರೆದವಳು ನಾನು. ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿ ಒತ್ತಿದೆ. ಎರಡು ಗಂಟೆ ನಿನ್ನ ವರದಿಗಳು ಎಲ್ಲಿಗೂ ಮುಟ್ಟಲಿಲ್ಲ. ಒಬ್ಬರ ಆಪರೇಷನ್ ಮರುದಿನಕ್ಕೆ ಹೋಯಿತು.

ತಪ್ಪು ಕಂಡ ಕೂಡಲೇ ಸದ್ದಿಲ್ಲದೆ ತಿದ್ದಿದೆ. ದೊಡ್ಡ ಡಾಕ್ಟರು ಎಲ್ಲರೆದುರು, "ಕಳಿಸೋದು ಮರೆತು ಸುಳ್ಳು ಬೇರೆ ಹೇಳ್ತೀಯಾ?" ಅಂದಾಗ ನೀನು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ, ನೆಟ್‌ವರ್ಕ್ ಸರಿ ಇತ್ತಾ?" ಅಂತ ಕೇಳಿದೆ. ಕೆಲಸ ಹೋದೀತೆಂದು ಹೆದರಿ "ಇತ್ತು" ಅಂದುಬಿಟ್ಟೆ. ನಿನ್ನನ್ನು ಮನೆಗೆ ಕಳಿಸಿ ಇವತ್ತಿಗೆ ಒಂಬತ್ತು ದಿನ.

ಈ ಬೆಳಿಗ್ಗೆ ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ರೌಟರ್‌ನ ದಾಖಲೆಯನ್ನೂ ತೋರಿಸಿದೆ. ಆ ರೋಗಿ ಚೆನ್ನಾಗಿದ್ದಾರಂತೆ. ನೀನು ಸೋಮವಾರ ಕೆಲಸಕ್ಕೆ ಬರಬೇಕಂತೆ. ನನ್ನ ವಿಷಯ ಆಮೇಲೆ ತೀರ್ಮಾನಿಸ್ತಾರಂತೆ.

ನಿನ್ನ ಬಿಳಿ ಕೋಟು ಒಗೆದು ಇಸ್ತ್ರಿ ಮಾಡಿ ಲ್ಯಾಬಿನ ಬೀರುವಿನಲ್ಲಿಟ್ಟಿದ್ದೇನೆ. ಸೋಮವಾರ ಊಟಕ್ಕೆ ನಾನು ಬೇರೆ ಮೇಜಿನ ಹತ್ತಿರ ಕೂತಿರ್ತೀನಿ. ನಿನ್ನ ಮೇಜಿಗೆ ಕರೀಲೇಬೇಕು ಅಂತೇನಿಲ್ಲ.

ನಿನ್ನ ತಂಗಿ