ಅಪ್ಪನ ಫೋನಲ್ಲಿರೋ ದನಿ

ಸಿದ್ಧಾರ್ಥ,

ನಾನು ಶಿಡ್ಲಘಟ್ಟಕ್ಕೆ ಡ್ಯೂಟಿಗೆ ಹೊರಟೆ. ಸಾರು ಒಲೆ ಮೇಲಿದೆ. ಅಪ್ಪಂಗೆ ಅನ್ನ ಮೆತ್ತಗೆ ಕಲಸಿ ಕೊಡು.

ಅವರ ಫೋನು ದಿನಾ "ಜಾಗ ಇಲ್ಲ" ಅಂತ ಪ್ರಾಣ ತಿನ್ತಿದೆ. ಅಪ್‌ಡೇಟ್ ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ, ನನಗಂತೂ ಸಾಕಾಗಿದೆ. ನಿನ್ನೆ ನೀನು "ಎಲ್ಲಾ ಕ್ಲೀನ್ ಮಾಡ್ಬಿಡ್ತೀನಿ ಕಣಕ್ಕ" ಅಂದ್ಯಲ್ಲ, ಬೇಡಪ್ಪ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಎಷ್ಟು ಬೇಕಾದ್ರೂ ಅಳಿಸು. ವಾಯ್ಸ್ ಮೆಸೇಜ್ ಒಂದನ್ನೂ ಮುಟ್ಟಬೇಡ.

ನೀನು ಮೊನ್ನೆ ತಾನೆ ಹಾಸ್ಟೆಲಿಂದ ಬಂದೋನು, ನಿನಗೆ ಗೊತ್ತಿಲ್ಲ. ಸ್ಟ್ರೋಕ್ ಆಗಿ ಮಾತು ಹೋದ್ಮೇಲೆ ಅಪ್ಪ ಸುಮ್ನೆ ಗೋಡೆ ನೋಡ್ತಾ ಕೂತಿರ್ತಿದ್ರು. ಹೋದ ವಾರ ನಾನು ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಲ್ಲಿ ನಮ್ಮೂರು ಸಾದಲಿ ಬಸ್ಸಿಗೆ ಕಾದು ಕಾದು ಸೋತಿದ್ದೆ. ಫೋನ್ ಸದ್ದಾಯ್ತು. ಒತ್ತಿದ್ರೆ ಅಪ್ಪನ ದನಿ. "ರೂಪಮ್ಮ, ಎಲ್ಲಿದ್ದೀಯಮ್ಮ? ಬಸ್ ಸಿಕ್ತಾ?"

ಮಾತು ಬಂತು ಅಂದ್ಕೊಂಡು ಓಡಿ ಬಂದೆ. ಬಂದಿರ್ಲಿಲ್ಲ. ಹಿಂದೆ ಯಾವತ್ತೋ ಕಳಿಸಿದ್ದ ವಾಯ್ಸ್ ಮೆಸೇಜನ್ನೇ ಹುಡುಕಿ, ಎಡಗೈ ಬೆರಳಲ್ಲಿ ಒತ್ತಿ ಮತ್ತೆ ಕಳಿಸಿದ್ರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ ಕಣೋ.

ಈಗ ಹಾಗೇ ಮಾತಾಡ್ತಾರೆ. ಕಾಫಿ ಬೇಕಂದ್ರೆ "ಕಾಫಿ ಇಡಮ್ಮ, ಬಂದೆ" ಅನ್ನೋ ಹಳೇ ಮೆಸೇಜ್ ಹಾಕ್ತಾರೆ. ಕೋಪ ಬಂದ್ರೆ, ಕರೆಂಟ್ ಆಫೀಸಿನೋರಿಗೆ ಬೈದಿದ್ದನ್ನ ನನಗೆ ಕಳಿಸ್ತಾರೆ.

ಒಂದು ಮಾತು ಹುಡುಕೋಕೆ ಅವರಿಗೆ ತುಂಬಾ ಹೊತ್ತು ಹಿಡಿಯುತ್ತೆ. ಏನು ಹೇಳೋಕೆ ಹೊರಟಿದ್ದಾರೆ ಅಂತ ನಿನಗೆ ಗೊತ್ತಾದ್ರೂ ಮಧ್ಯ ಬಾಯಿ ಹಾಕ್ಬೇಡ. ನಿನ್ನೆ ಊಟ ಆದ್ಮೇಲೆ ನಿನಗೋಸ್ಕರ ಏನೋ ಹುಡುಕ್ತಿದ್ರು, ನೀನು ಎದ್ದು ಹೋದೆ. ಇವತ್ತು ಸಿಗೋವರೆಗೂ ಪಕ್ಕದಲ್ಲಿ ಕೂತಿರು.

ಅಕ್ಕ